ಕಮಲಕ್ಕನ ವಾಕಿಟಾಕಿ ಕನ್ನಡ ಕಲಿತದ್ದು

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಿಟಕಿ ಪಕ್ಕದ ಮೇಜಿನ ಮೇಲೆ ಹಳೆಯ ಟವೆಲು ಹಾಸಿ, ಅದರ ಮೇಲೆ ಅಂಗೈಯಗಲದ ವಾಕಿಟಾಕಿಯೊಂದನ್ನು ಬೋರಲು ಮಲಗಿಸಿ, ಬೆನ್ನು ಬಿಚ್ಚಿದೆ. ಕಾದ ಬೆಸುಗೆ ಕಡ್ಡಿಗೆ ರಾಳ ತಾಗಿ ಎಳೆಯ ಹೊಗೆಯೊಂದು ಸುರುಳಿಯಾಗಿ ಮೂಗಿಗೆ ಬಂತು. ಟಿ.ವಿ. ರಿಪೇರಿ ಅಂಗಡಿಯ ಮುಂದೆ ಹಾದುಹೋಗುವಾಗ ಈ ವಾಸನೆಯನ್ನು ನೀವೂ ಕುಡಿದಿರುತ್ತೀರಿ: ಅರ್ಧ ಧೂಪ, ಅರ್ಧ ಸುಟ್ಟ ಕೇಬಲ್ಲು. ಹಾಲಿನಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡ ತಲೆ ಎತ್ತದೆ, "ಪೂಜೆನೋ, ರಿಪೇರಿನೋ?" ಎಂದರು. "ಆಪರೇಷನ್ನು, ಮಾತಾಡಿಸಬೇಡಿ" ಎಂದೆ.

ರಾಳದ ವಾಸನೆ ಬಂದರೆ ಸಾಕು, ನನಗೆ ಕಮಲಕ್ಕ ನೆನಪಾಗುತ್ತಾರೆ. ಎರಡು ಬೀದಿ ಆಚೆ ಇರುವವರನ್ನು ನೆನೆಯುವುದೇನು, ಎದ್ದು ಹೋಗಿ ನೋಡಬಹುದಲ್ಲ ಎನ್ನುತ್ತೀರಿ. ನೋಡುತ್ತೇನೆ, ವಾರಕ್ಕೆ ನಾಲ್ಕು ಸಲ. ಆದರೆ ಈ ಹೊಗೆಯಲ್ಲಿ ಬರುವವರು ಇವತ್ತಿನ ಕಮಲಕ್ಕ ಅಲ್ಲ. ಕೆಲವು ವರ್ಷಗಳ ಹಿಂದೆ, ಯಾರೂ ಇಲ್ಲದ ಕಡೆಗೆ ಮಾತನಾಡುತ್ತ ಕೂತಿದ್ದ ಕಮಲಕ್ಕ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ, ಅದು ಬೇಗ ಮುಗಿಯುತ್ತದೆ. ನಾನು ಚಾಮರಾಜನಗರದ ಕಡೆಯವಳು. ರಕ್ಷಣಾ ಇಲಾಖೆಗೆ ಸೇರಿದ ಒಂದು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದೆ. ಗಂಡ ರೈಲ್ವೆಯವರಾದ್ದರಿಂದ ಮಲ್ಕಾಜ್‌ಗಿರಿಯಲ್ಲಿ ಮನೆ. ಇಪ್ಪತ್ತು ವರ್ಷ ಸರ್ಕ್ಯೂಟುಗಳ ನಕ್ಷೆ ಬರೆದಿದ್ದೇನೆ. ಒಂದು ಗೆರೆ ಸೊಟ್ಟಗಾಗಿಲ್ಲ. ಆ ಗೆರೆಗಳೊಳಗೆ ಏನು ಹರಿಯುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಅಡುಗೆ ಪುಸ್ತಕವನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿಕೊಟ್ಟು, ಮನೆಗೆ ಬಂದು ಬ್ರೆಡ್ಡು ತಿನ್ನುವವಳ ಹಾಗೆ ಇದ್ದೆ.

ಕಮಲಕ್ಕ ಅದೇ ಕಾರ್ಖಾನೆಯ ಟೆಲಿಫೋನ್ ಆಪರೇಟರು. ಲಿಂಗಸೂಗೂರು ಕಡೆಯವರು. ನಾಲ್ಕನೆಯ ವಯಸ್ಸಿನಲ್ಲಿ ದಡಾರ ಬಂದು ಎರಡೂ ಕಣ್ಣು ಹೋಗಿದ್ದವು. ಅದನ್ನು ಅವರು ಹೇಳುವುದು ಮನೆ ಬದಲಾಯಿಸಿದ ಸಂಗತಿ ಹೇಳಿದ ಹಾಗೆ, ಒಂದೇ ವಾಕ್ಯದಲ್ಲಿ. ಕಾರ್ಖಾನೆಯ ಯಾವ ಮೇಜಿಗೆ ಯಾವ ನಂಬರು ಎಂಬುದೆಲ್ಲ ಅವರ ನಾಲಿಗೆ ತುದಿಯಲ್ಲಿತ್ತು. ನಾನು ಕೆಲಸಕ್ಕೆ ಸೇರಿದ ವಾರ ಫೋನೆತ್ತಿ, ಹಿಂದಿಯಲ್ಲಿ ತಡವರಿಸುತ್ತ ಸ್ಟೋರ್ಸ್ ವಿಭಾಗ ಬೇಕು ಎಂದೆ. ಆ ಕಡೆಯಿಂದ ಒಂದು ತುಂಬಿದ ದನಿ, "ಕನ್ನಡದಾಗ ಹೇಳವಾ, ಯಾಕ ಹಿಂದಿಗೆ ತ್ರಾಸು ಕೊಡತಿ?" ಎಂದಿತು. ಸಂಜೆ ಎಕ್ಸ್‌ಚೇಂಜ್ ಕೋಣೆ ಹುಡುಕಿಕೊಂಡು ಹೋದೆ. ನಾನು ಬಾಗಿಲಲ್ಲಿ ನಿಂತು ಇನ್ನೂ ಬಾಯಿ ತೆರೆದಿರಲಿಲ್ಲ, "ಬಾ, ಸ್ಟೋರ್ಸ್ ಸಿಕ್ತಿಲ್ಲೋ?" ಎಂದರು. ಹೇಗೆ ಗೊತ್ತಾಯಿತು ಎಂದರೆ, "ಹೊಸ ಚಪ್ಪಲಿ. ಹೊಸಬರು ನಿನ್ನ ಬಿಟ್ಟು ಯಾರದಾರ?" ಎಂದು ನಕ್ಕರು.

ಅವರೂ ಮಲ್ಕಾಜ್‌ಗಿರಿಯಲ್ಲೇ ಇದ್ದರು, ತಂಗಿಯ ಮನೆಯ ಮೇಲಿನ ಮಹಡಿಯಲ್ಲಿ. ಮೊದಲ ಸಲ ಹೋದಾಗ ಅಲ್ಲಿ ಕಂಡ ಕಬ್ಬಿಣದ ಪೆಟ್ಟಿಗೆ, ಅದರಿಂದ ಕಿಟಕಿಯಾಚೆ ಹೋದ ಕರಿ ತಂತಿ, ತಾರಸಿಯ ಮೇಲಿನ ಕೋಲು ನೋಡಿ, ಕೇಬಲ್ ಟಿ.ವಿ.ಯ ವ್ಯವಹಾರವೇನೋ ಎಂದುಕೊಂಡೆ. "ಹ್ಯಾಮ್ ರೇಡಿಯೋ" ಎಂದರು. ಪರೀಕ್ಷೆ ಪಾಸು ಮಾಡಿ ಸರ್ಕಾರದಿಂದ ಲೈಸೆನ್ಸು ಪಡೆದು, ಕಾಲ್‌ಸೈನ್ ಎಂಬ ತನ್ನದೇ ಸಂಕೇತದ ಹೆಸರಿಟ್ಟುಕೊಂಡು, ಗಾಳಿಯಲ್ಲಿ ಊರೂರಿನವರೊಡನೆ ಮಾತನಾಡುವ ಹವ್ಯಾಸ. ಫೋನಿದೆಯಲ್ಲ ಎಂದು ನಾನು ಕೇಳಿಯೇಬಿಟ್ಟೆ. "ಫೋನಿನಾಗ ಗೊತ್ತಿದ್ದವರ ಕೂಡ ಮಾತಾಡ್ತಿ. ಇದರಾಗ ಯಾರ ಸಿಗತಾರೋ ಅವರ ಕೂಡ" ಎಂದರು. ದಿನವೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಿಕೊಟ್ಟು ಮನೆಗೆ ಬರುವ ಹೆಂಗಸಿಗೆ ತನ್ನ ಪಾಲಿನ ಮಾತು ಬೇಡವೇ?

ಅವರೇ ನನ್ನನ್ನು ಪರೀಕ್ಷೆಗೆ ಕೂರಿಸಿದರು. ಮೆಂತ್ಯದ ಸೊಪ್ಪು ಬಿಡಿಸುತ್ತ ಪ್ರಶ್ನೆ ಹಾಕುವರು. ನಾನು ತಪ್ಪು ಹೇಳಿದರೆ ಒಂದು ಕಟ್ಟು ಸೊಪ್ಪು ನನ್ನ ಮಡಿಲಿಗೆ. ಆ ವರ್ಷ ನಮ್ಮ ಮನೆಯಲ್ಲೂ ಅವರ ಮನೆಯಲ್ಲೂ ಮೆಂತ್ಯದ ಅಡುಗೆ ತಿಂದು ತಿಂದು ಎರಡೂ ಕುಟುಂಬ ಬೇಸತ್ತ ಮೇಲೆ ನಾನು ಪಾಸಾದೆ.

ಆಗ ಹೈದರಾಬಾದಿನ ಹ್ಯಾಮ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ 'ನೆಟ್' ನಡೆಯುತ್ತಿತ್ತು. ಗಾಳಿಯಲ್ಲಿ ನಡೆಯುವ ಸಭೆ ಎನ್ನಿ. ಒಬ್ಬರು ಹಾಜರಿ ಕರೆಯುತ್ತಾರೆ, ಉಳಿದವರು ಸರದಿಯಂತೆ ತಮ್ಮ ಸಂಕೇತ ಹೇಳಿ ಓಗೊಡುತ್ತಾರೆ. ಹಾಜರಿ ಕರೆಯುತ್ತಿದ್ದವರು ಕಮಲಕ್ಕ. ಸರದಿ ತಪ್ಪಿ ಬಾಯಿ ಹಾಕಿದವರನ್ನು, ಅವರು ನಿವೃತ್ತ ಕರ್ನಲ್ಲೇ ಆಗಿರಲಿ, ಗದರಿಸಿ ಕೂರಿಸುವರು. ಉಪ್ಪಲ್ ಕಡೆಯ ಎತ್ತರದ ಕಟ್ಟಡವೊಂದರ ತಾರಸಿಯಲ್ಲಿದ್ದ ಗುಂಪಿನ ಯಂತ್ರ ನಮ್ಮ ಪುಟ್ಟ ಸೆಟ್ಟುಗಳ ದನಿಯನ್ನು ಹಿಡಿದು ದೊಡ್ಡದು ಮಾಡಿ ಊರಿಗೆಲ್ಲ ಹಂಚುತ್ತಿತ್ತು. ಒಂದು ಮಳೆಗಾಲ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿ ಮೊಬೈಲುಗಳು ಸತ್ತಾಗ, ಯಾರ ಮನೆಯ ಹಿರಿಯರು ಯಾವ ಮಹಡಿಯಲ್ಲಿದ್ದಾರೆಂದು ಆ ಯಂತ್ರದ ಮೂಲಕ ಕೇಳಿ, ಬ್ರೈಲ್ ಹಲಗೆಯ ಮೇಲೆ ಚುಚ್ಚಿಕೊಂಡು, ಸಂಬಂಧಪಟ್ಟವರಿಗೆ ಮುಟ್ಟಿಸಿದವರು ಕಮಲಕ್ಕ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಆ ಕಟ್ಟಡ ಕೆಡವುತ್ತಾರೆಂದು ಸುದ್ದಿ ಬಂತು. ಯಂತ್ರವೂ ಹಳತಾಗಿತ್ತು. ಗುಂಪಿನ ಹಿರಿಯರು ಮೂರ್ತಿಗಾರು, ನಿವೃತ್ತ ಎಂಜಿನಿಯರು, ನಾಂಪಲ್ಲಿಯಲ್ಲೊಂದು ಚಿಕ್ಕ ಹಾಲಿನಲ್ಲಿ ಸಭೆ ಕರೆದರು. ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಎಕ್ಸಿಬಿಷನ್ನಿನ ತಿಂಗಳು, ಹೊರಗೆ ಜನವೋ ಜನ. ಒಳಗೆ ಮೂರ್ತಿಗಾರು ಒಂದು ಕೈರೇಡಿಯೋ ಎತ್ತಿ ತೋರಿಸಿ, ಬೇರೆ ಕಟ್ಟಡದ ಮೇಲೆ ಹೊಸ ಯಂತ್ರ, ಇನ್ನು ಮುಂದೆ ಎಲ್ಲ ಡಿಜಿಟಲ್ ಎಂದರು. ದನಿಯನ್ನು ಅಂಕಿಗಳಾಗಿ ಕಳಿಸುವುದು. ಕರಕರ ಸದ್ದಿಲ್ಲ, ಮಾತನಾಡುವವರ ಸಂಕೇತ ಪರದೆಯ ಮೇಲೆ ಮೂಡುತ್ತದೆ. ಸೆಟ್ಟಿನ ಕಂಪನಿ ಹಾಕಿಕೊಟ್ಟ ಫರ್ಮ್‌ವೇರು, ಅಂದರೆ ಯಂತ್ರದೊಳಗಿನ ಬುದ್ಧಿ, ಅದನ್ನು ತೆಗೆದು, ದೇಶ ದೇಶದ ಹವ್ಯಾಸಿಗಳು ಸೇರಿ ಬರೆದು ಎಲ್ಲರಿಗೂ ತೆರೆದಿಟ್ಟ ಹೊಸ ಬುದ್ಧಿ ಹಾಕುವುದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತೋರಿಸಿದರು. ನೀರಿನಷ್ಟು ತಿಳಿಯಾದ ದನಿ. ನನ್ನ ಸಂಕೇತ ಪುಟ್ಟ ಪರದೆಯ ಮೇಲೆ ಹಸಿರಾಗಿ ಹೊಳೆದಾಗ, ಸುಳ್ಳೇಕೆ, ಮದುವೆ ಮಂಟಪದ ಮುಂದೆ ಥರ್ಮೋಕೋಲಿನಲ್ಲಿ ನನ್ನ ಹೆಸರು ಬರೆಸಿದ್ದಾಗ ಆದಷ್ಟು ಸಂತೋಷವಾಯಿತು.

"ಅಂದರಿಕೀ ಓಕೇನಾ? ಚೇತುಲೆತ್ತಂಡಿ" ಎಂದರು ಮೂರ್ತಿಗಾರು. ನಾನು ಥಟ್ಟನೆ ಕೈ ಎತ್ತಿದೆ. ಎಲ್ಲರೂ ಎತ್ತಿದರು.

ಮೆಟ್ಟಿಲಿಳಿಯುವಾಗ ಕಮಲಕ್ಕ ನನ್ನ ಮೊಣಕೈ ಹಿಡಿದಿದ್ದರು. ಮೂರನೆಯ ಮೆಟ್ಟಿಲಿಗೆ ಬಂದಾಗ ನನಗೆ ಹೊಳೆಯಿತು: ಪರದೆ. ಹಳೆಯ ಸೆಟ್ಟಿನಲ್ಲಿ ಚಾನೆಲ್ಲಿನ ತಿರುಗಣಿಯನ್ನು ಕ್ಲಿಕ್ಕು ಎಣಿಸಿ ತಿರುಗಿಸಿದರೆ ಮುಗಿಯಿತು. ಹೊಸದರಲ್ಲಿ ಎಲ್ಲವೂ ಪರದೆಯ ಮೇಲಿನ ಪಟ್ಟಿಯೊಳಗೆ. ಆ ಹಾಲಿನಲ್ಲಿ ಇದ್ದ ಯಾರಿಗೂ, ಪಕ್ಕದಲ್ಲೇ ಕೂತಿದ್ದ ನನಗೂ, ಅದು ತೋಚಿರಲಿಲ್ಲ. ಏನಾದರೂ ಹೇಳೋಣವೆಂದು ಬಾಯಿ ತೆರೆದೆ. "ಬಿಸಿ ಮಿರ್ಚಿ ವಾಸನಿ ಬರಾಕತ್ತೈತಿ, ನಡಿ" ಎಂದರು ಕಮಲಕ್ಕ.

ಮೂರ್ತಿಗಾರು ಒಳ್ಳೆಯವರು. ಗುಂಪಿನದೊಂದು ಹೊಸ ಸೆಟ್ಟನ್ನು ಕಮಲಕ್ಕನಿಗೆ ತಂದುಕೊಟ್ಟು, ಗುಂಡಿಗಳನ್ನು ಒಂದೊಂದಾಗಿ ಮುಟ್ಟಿಸಿ ಹೋದರು. ಹಾಜರಿ ಕರೆಯುವ ಕೆಲಸ ಸದ್ಯಕ್ಕೆ ಮೂರ್ತಿಗಾರೇ ನೋಡಿಕೊಂಡರು. ನಾನು ಇನ್ನೂ ಒಳ್ಳೆಯವಳಾಗಲು ಹೊರಟೆ. ಯಾವ ಗುಂಡಿ ಎಷ್ಟು ಸಲ ಒತ್ತಬೇಕೆಂದು ಪಟ್ಟಿ ಮಾಡಿ, "ಬಲಗಡೆದು ಒಂದು ಸಲ, ಕೆಳಕ್ಕೆ ಮೂರು ಸಲ, ಮತ್ತೆ ಬಲಗಡೆದು" ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದೆ. ಅವರು ಒಂದೇ ಸಂಜೆಯಲ್ಲಿ ಕಲಿತರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಮನೆಗೆ ಬಂದೆ. ಆದರೆ ಆ ಸೆಟ್ಟು, ಹಿಂದಿನ ಸಲ ಪಟ್ಟಿಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮತ್ತೆ ಶುರು ಮಾಡುತ್ತದೆಂಬುದನ್ನು ನಾನು ಗಮನಿಸಿರಲಿಲ್ಲ. ಒಂದು ಸಲ ಬೆರಳು ತಪ್ಪಿದರೆ ಮಗ್ಗಿಯೆಲ್ಲ ತಪ್ಪು.

ಒಂದು ಬೆಳಿಗ್ಗೆ ನೆಟ್ಟಿನಲ್ಲಿ ಮೂರ್ತಿಗಾರು ಕಮಲಕ್ಕನ ಸಂಕೇತ ಎರಡು ಸಲ ಕರೆದರು. ಉತ್ತರವಿಲ್ಲ. ಮೂರ್ತಿಗಾರು ಮುಂದಕ್ಕೆ ಹೋದರು. ನನಗೆ ತಡೆಯಲಿಲ್ಲ. ಚಪ್ಪಲಿ ಮೆಟ್ಟಿ ಎರಡು ಬೀದಿ ಓಡಿ, ಮೆಟ್ಟಿಲೇರಿದೆ. ಬಾಗಿಲ ಹೊರಗೇ ಅವರ ದನಿ ಕೇಳಿಸಿತು. ತಮ್ಮ ಸಂಕೇತ ಹೇಳುತ್ತಿದ್ದರು. ಉತ್ತರಕ್ಕೆ ಕಾಯುವರು. ಮತ್ತೆ ಹೇಳುವರು. "ಮೂರ್ತಿಗಾರು, ವಿನಿಪಿಸ್ತೋಂದಾ?" ಕೇಳಿಸುತ್ತಿದೆಯಾ ಎಂದು ಕೇಳಿ ಕಾಯುವರು. ಅದೇ ತುಂಬಿದ, ಸಾವಕಾಶದ, ಇಡೀ ಕಾರ್ಖಾನೆಯನ್ನು ಒಂದಕ್ಕೊಂದು ಜೋಡಿಸಿದ ದನಿ. ಪರದೆಯಲ್ಲಿ ಬೇರೆಯೇ ಚಾನೆಲ್ಲು ಇತ್ತು. ಅಲ್ಲಿ ಯಾರೂ ಇರಲಿಲ್ಲ.

ನಾನು ಉಸಿರು ಬಿಗಿಹಿಡಿದು ನಿಂತೆ. "ಎಷ್ಟೊತ್ತಾತು ನಿಂತು?" ಎಂದರು ಅವರು, ಈ ಕಡೆ ತಿರುಗದೆ.

"ಈಗ ಬಂದೆ."

"ನಾ ತಪ್ಪು ಜಾಗಾದಾಗ ಅದೀನಿ, ಹೌದಿಲ್ಲೋ?"

"ಹೌದು ಕಮಲಕ್ಕ."

ಅವರು ಸೆಟ್ಟನ್ನು ಆರಿಸಿ ಮೇಜಿನ ಮೇಲಿಟ್ಟರು. ನಾನು ಅವರ ಪಕ್ಕದಲ್ಲಿ ಕುಸಿದು ಕೂತು, ಎದೆಯಲ್ಲಿದ್ದುದನ್ನು ಹೇಳಿಬಿಟ್ಟೆ. ಆ ದಿನ ಸಭೆಯಲ್ಲಿ ನಾನೂ ಕೈ ಎತ್ತಿದೆ, ನಿಮ್ಮ ನೆನಪೇ ಆಗಲಿಲ್ಲ, ತಪ್ಪಾಯಿತು ಎಂದೆ. ಕಣ್ಣಲ್ಲಿ ನೀರು ಬಂತು. ಅವರು ಸ್ವಲ್ಪವೂ ಕರಗಲಿಲ್ಲ.

"ಗೊತ್ತೈತಿ. ನೀ ಕೈ ಎತ್ತಿದಾಗ ನಿನ್ನ ಬಳೆ ಸಪ್ಪಳಾದ್ವು. ಎಲ್ಲಾರಕಿಂತ ಮೊದಲು ನಿನ್ನವಽ." ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರು ಮುಂದುವರಿಸಿದರು: "ನಾನೂ ಎತ್ತಿದ್ದೆ. ನೀ ನೋಡಲಿಲ್ಲ. ಹಳೇ ಮಷೀನ್ ಸಾಯಾಕತ್ತಿತ್ತು, ನನಗ ನಿಮಗಿಂತ ಮೊದಲು ಕೇಳಿಸಿತ್ತು. ನನಗೊಬ್ಬಾಕಿಗೆ ಬರಂಗಿಲ್ಲಂತ ಊರಿಗೆಲ್ಲಾ ಬ್ಯಾಡ ಅನ್ನಲೇನು? ಅಳಬ್ಯಾಡ. ಅತ್ತರ ಏನೂ ಆಗಂಗಿಲ್ಲ, ಇದನ್ನ ಮಾತಾಡಸೋದು ಹೆಂಗ ಅಂತ ನೋಡು."

ಇದನ್ನು ಮಾತನಾಡಿಸುವುದು. ಅವರು ಸುಮ್ಮನೆ ಅಂದದ್ದು. ನಾನು ಅದನ್ನೇ ಹಿಡಿದುಕೊಂಡೆ. ಆ ಫರ್ಮ್‌ವೇರಿನ ಕೈಪಿಡಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿತ್ತು. ಗುಂಪಿನ ನಾವ್ಯಾರೂ ಓದಿರಲಿಲ್ಲ. ಮೂರ್ತಿಗಾರು ಹಾಕಿಕೊಟ್ಟರು, ನಾವು ಮಿಠಾಯಿ ಡಬ್ಬಿಯ ಹಾಗೆ ಇಸಿದುಕೊಂಡು ಬಂದೆವು. ಈಗ ಊಟದ ಬಿಡುವಿನಲ್ಲಿ ಕೂತು ಓದಿದೆ. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೆ ನಾಲ್ಕನೆಯ ದಿನ, ಮಧ್ಯದಲ್ಲೆಲ್ಲೋ, ಎರಡು ಸಾಲು: ಕಣ್ಣು ಕಾಣದವರಿಗಾಗಿ, ಒತ್ತಿದ ಗುಂಡಿ, ನಿಂತ ಚಾನೆಲ್ಲು, ಪಟ್ಟಿಯ ಹೆಸರು ಎಲ್ಲವನ್ನೂ ಸೆಟ್ಟೇ ಬಾಯಿಬಿಟ್ಟು ಹೇಳುವ ಏರ್ಪಾಡಿದೆ, ಬೇಕಾದವರು ಆ ದನಿಯಿರುವ ಆವೃತ್ತಿಯನ್ನು ಹಾಕಿಕೊಳ್ಳಬಹುದು. ನಾನು ಆ ಎರಡು ಸಾಲನ್ನು ಹತ್ತು ಸಲ ಓದಿದೆ. ಎಲ್ಲೋ ದೂರದ ಒಂದು ಊರಿನಲ್ಲಿ ಯಾರಿಗೋ ಅವರವರ ಕಮಲಕ್ಕ ನೆನಪಿಗೆ ಬಂದಿದ್ದರು. ನಾವು ಕೇಳಿರಲಿಲ್ಲ, ಅಷ್ಟೇ.

ಓಡಿಹೋಗಿ ಹೇಳಿದೆ. ಗುಂಪಿನ ಸೆಟ್ಟನ್ನು ಅವರು ಆಗಲೇ ಹಿಂತಿರುಗಿಸಿದ್ದರು. ಮೂರ್ತಿಗಾರನ್ನು ಕೇಳೋಣ ಎಂದೆ. "ಬ್ಯಾಡ. ಇನ್ನೊಮ್ಮೆ ಸೋಲೂದಾದ್ರ ನಿನ್ನ ಮುಂದ ಸೋಲತೀನಿ" ಎಂದು, ಕಪಾಟಿನಿಂದ ತಮ್ಮ ಸ್ವಂತ ಕೈರೇಡಿಯೋ ತೆಗೆದು ನನ್ನ ಕೈಗಿಟ್ಟರು. ಅದೇ ಜಾತಿಯದು, ಹಳೆಯ ಬುದ್ಧಿಯದು. ಅದು ಡಿಜಿಟಲ್ ಆಗಬೇಕಾದರೆ ಒಳಗೊಂದು ಸಾಸಿವೆಯಷ್ಟು ಭಾಗ ಕಿತ್ತು, ಕೂದಲಿನಂಥ ಎರಡು ತಂತಿ ಬೆಸೆಯಬೇಕಿತ್ತು. ನಾನು ಜೀವಮಾನದಲ್ಲಿ ಬೆಸುಗೆ ಕಡ್ಡಿ ಮುಟ್ಟಿದವಳಲ್ಲ. "ಕೆಟ್ಟರೆ?" ಎಂದೆ. "ಕೆಟ್ರ ಏನಾತು, ಈಗೇನು ಅದು ಹಾಡಾಕತ್ತೈತೇನು?"

ಕೋಠಿಯ ಎಲೆಕ್ಟ್ರಾನಿಕ್ಸ್ ಗಲ್ಲಿಯಲ್ಲಿ ತಂತಿ ಕೇಳಿದಾಗ ಅಂಗಡಿಯ ಚಾಚಾ ಕನ್ನಡಕ ಮೇಲೇರಿಸಿ, "ಇತ್ತಾ ಬಾರೀಕ್ ಕಾಯ್ಕು ಅಮ್ಮಾ? ಸೂಟ್ ಸೀನಾ ಹೈ ಕ್ಯಾ?" ಎಂದರು. ಇಷ್ಟು ಸಪೂರ ತಂತಿ ಬಟ್ಟೆ ಹೊಲಿಯುವುದಕ್ಕಲ್ಲ, ರೇಡಿಯೋಗೆ ಎಂದೆ. ಒಂದು ಗಳಿಗೆ ನನ್ನನ್ನೇ ನೋಡಿ, ತಂತಿಯ ಜೊತೆ ಒಂದು ಡಬ್ಬಿ ರಾಳ ಹಾಕಿ, ಹಾಳಾದ ಬೋರ್ಡೊಂದನ್ನು ಸೇರಿಸಿ ಕೊಟ್ಟರು. "ಪೈಲೇ ಇಸ್ಪೆ ಹಾತ್ ಸಾಫ್ ಕರೋ." ಒಂದು ವಾರ ಆ ಸತ್ತ ಬೋರ್ಡಿನ ಮೇಲೆ ಕೈ ತಿರುಗಿಸಿದೆ. ಮೊದಲ ದಿನವೇ ಕಡ್ಡಿಯನ್ನು ಪೆನ್ನಿನ ಹಾಗೆ ತುದಿಯಲ್ಲಿ ಹಿಡಿದೆ. ತೋರುಬೆರಳಿನ ಮೇಲೆ ಸುಟ್ಟ ಗುರುತು ಈಗಲೂ ಇದೆ. ಆದರೆ ಒಂದು ಸಂಗತಿ ಗೊತ್ತಾಯಿತು. ಇಪ್ಪತ್ತು ವರ್ಷ ನಕ್ಷೆ ಬರೆದ ಕೈ ನಡುಗುವುದಿಲ್ಲ. ಸೊಟ್ಟಗಾಗದ ಗೆರೆಗಳು ಇದಕ್ಕಾಗಿಯೇ ಕಾಯುತ್ತಿದ್ದವೋ ಎಂಬ ಹಾಗೆ, ಎಂಟನೆಯ ದಿನ ಕಮಲಕ್ಕನ ಮೇಜಿನ ಮೇಲೆ ಅವರ ಸೆಟ್ಟು ಬಿಚ್ಚಿ, ಎರಡು ತಂತಿ ಬೆಸೆದೆ. ಅವರು ರಾಳದ ವಾಸನೆ ಎಳೆದುಕೊಂಡು, "ಒಂದು ಕೂತಿತು. ಎರಡನೇದು ಜರಾ ಸುಟ್ಟಿ" ಎಂದರು. ಸರಿಯಾಗಿಯೇ ಹೇಳಿದ್ದರು.

ಆಮೇಲೆ ಬುದ್ಧಿ ಬದಲಾಯಿಸುವ ಕೆಲಸ. "ಹಳೇದು ತಗದಿಟ್ಟಿಲ್ಲೋ?" ಎಂದು ಕೇಳಿದರು. ಕೈಪಿಡಿಯಲ್ಲಿ ಹೇಳಿದಂತೆ ಹಳೆಯದರ ನಕಲು ತೆಗೆದು ಲ್ಯಾಪ್‌ಟಾಪಿನಲ್ಲಿಟ್ಟಿದ್ದೆ. ಸೆಟ್ಟಿನ ಎರಡು ಗುಂಡಿ ಅದುಮಿ ಹಿಡಿದು ಚಾಲೂ ಮಾಡಿದೆ. ಕೆಂಪು ಹಸಿರು ದೀಪ ಮಿಣುಕಿತು. ಕೇಬಲ್ಲು ಹಾಕಿದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆ ನಿಧಾನವಾಗಿ ತುಂಬಿತು. ಮುಗಿಯಿತು ಎಂದಿತು. ಆದರೆ ಸೆಟ್ಟಿನ ಪರದೆ ಕಪ್ಪು. ಗುಂಡಿ ಒತ್ತಿದೆ, ಕಪ್ಪು. ಇನ್ನೊಂದು ಒತ್ತಿದೆ, ಕಪ್ಪು.

"ಕಮಲಕ್ಕ, ಕೊಂದುಬಿಟ್ಟೆ."

"ಕೊಡಿಲ್ಲೆ."

ಸೆಟ್ಟನ್ನು ಕಿವಿಗೆ ಹಿಡಿದರು. ನಾನು ಫ್ಯಾನು ನಿಲ್ಲಿಸಿದೆ. ಮಲ್ಕಾಜ್‌ಗಿರಿ ಸ್ಟೇಷನ್ನಿನಿಂದ ಹೊರಟ ಗಾಡಿಯೊಂದು ದೂರವಾಗುವವರೆಗೆ ಅವರು ಅಲುಗಾಡಲಿಲ್ಲ. ಆಮೇಲೆ, "ಸತ್ತ ಲೈನಿಗೆ ಸಪ್ಪಳ ಇರಂಗಿಲ್ಲ. ಇದರಾಗ ಸಣ್ಣಗ ಟಿಕ್ ಟಿಕ್ ಐತಿ. ಇದು ಸತ್ತಿಲ್ಲ, ಬಾಗಲಾ ಹಾಕ್ಕೊಂಡು ಒಳಗ ಕುಂತೈತಿ. ಬ್ಯಾಟ್ರಿ ತಗದು ಮತ್ತ ಹಾಕಿ ನೋಡು" ಎಂದರು.

ಬ್ಯಾಟರಿ ತೆಗೆದು, ಹಾಕಿ, ಚಾಲೂ ಮಾಡಿದೆ. ಪರದೆ ಬೆಳಗಿತು. ಕೈಪಿಡಿಯಲ್ಲಿ ಓದಿದಂತೆ ಪಟ್ಟಿಯೊಳಗೆ ಹೋಗಿ ದನಿಯ ಏರ್ಪಾಡನ್ನು ತೆರೆದೆ. ಮೂಗಿನಿಂದ ಇಂಗ್ಲಿಷು ಮಾತನಾಡುವ ಒಬ್ಬಾಕೆ ಸೆಟ್ಟಿನೊಳಗಿಂದ ಚಾನೆಲ್ಲಿನ ಅಂಕಿ ಹೇಳಿದಳು. ಕಮಲಕ್ಕ ಬೆಚ್ಚಿ ಕೈ ಹಿಂದೆಳೆದರು. ಮತ್ತೆ ಬೆರಳು ಚಾಚಿ ಗುಂಡಿ ಒತ್ತಿದರು; ಮತ್ತೊಂದು ಅಂಕಿ. ಇನ್ನೊಂದು. ಕೆಳಗೆ, ಮೇಲೆ, ಒಳಗೆ, ಹೊರಗೆ. ಹೊಸ ಮನೆಯ ಕೋಣೆ ಕೋಣೆಗೂ ಹೋಗಿ ಗೋಡೆ ಮುಟ್ಟಿ ಬರುವವರ ಹಾಗೆ ಅರ್ಧ ಗಂಟೆ ಆ ಪಟ್ಟಿಯಲ್ಲೆಲ್ಲ ಓಡಾಡಿದರು. ನಾನು ಅಲ್ಲಿ ಇದ್ದೇನೆಂಬುದನ್ನೇ ಮರೆತಿದ್ದರು. ಕೊನೆಗೊಮ್ಮೆ, "ಇಷ್ಟಽ ಏನು!" ಎಂದು ಹೊಟ್ಟೆ ಹಿಡಿದು ನಕ್ಕರು.

ಮರುದಿನ ನಾನು ಉಪ್ಪಲ್ಲಿಗೆ ಹೋಗಿ, ಮೆಟ್ರೋ ಕಂಬದ ಆಚೆ ಬದಿಯಲ್ಲಿ ನಿಂತು, ದಾರಿಹೋಕರೆಲ್ಲ ನನ್ನನ್ನು ಪೊಲೀಸಿನವಳೇ ಎಂದು ನೋಡುತ್ತಿರಲು, ಸೆಟ್ಟಿನಲ್ಲಿ ಕಮಲಕ್ಕನನ್ನು ಕರೆದೆ. ಅವರ ಸಂಕೇತ ನನ್ನ ಪರದೆಯ ಮೇಲೆ ಮೂಡಿತು. "ಕೇಳಾಕತ್ತೈತಿ. ಆದರ ನಿನಗೇನು ನೆಗಡಿ ಆಗೈತೋ? ಹಂಡೇದಾಗ ಕುಂತು ಮಾತಾಡಿದಂಗ ಬರತೈತಿ." ಅಂಕಿಗಳಾಗಿ ಒಡೆದು ಮತ್ತೆ ಕಟ್ಟಿದ ದನಿ ಹಾಗೇ ಕೇಳುವುದು. ಮೂರು ದಿನದಲ್ಲಿ ಅವರ ಕಿವಿ ಅದಕ್ಕೂ ಒಗ್ಗಿತು.

ಆ ಭಾನುವಾರದ ನೆಟ್ಟಿನಲ್ಲಿ ಮೂರ್ತಿಗಾರು ಹಾಜರಿ ಕರೆಯುತ್ತ ಕಮಲಕ್ಕನ ಸಂಕೇತಕ್ಕೆ ಬಂದು, ಅಭ್ಯಾಸದಂತೆ ಒಂದು ಗಳಿಗೆ ಬಿಟ್ಟು ಮುಂದೆ ಹೋಗಲಿದ್ದರು. ಅಷ್ಟರಲ್ಲಿ ಆ ದನಿ ಬಂತು. ಮೂರ್ತಿಗಾರು, "ಕಮಲಗಾರು, ಮೀ ನೆಟ್ ಮೀರೇ ತೀಸುಕೋಂಡಿ" ಎಂದರು. ನಿಮ್ಮ ನೆಟ್ಟು ನೀವೇ ತೆಗೆದುಕೊಳ್ಳಿ. ತೆಗೆದುಕೊಂಡರು. ಮೊದಲ ಕೆಲಸವೇ ಕರ್ನಲ್ ಸಾಹೇಬರನ್ನು ಸರದಿ ತಪ್ಪಿದ್ದಕ್ಕೆ ಗದರಿಸಿದ್ದು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಮಲಕ್ಕನಿಗೆ ಆ ಇಂಗ್ಲಿಷಿನಾಕೆಯ ಜೊತೆ ಹೊಂದಲಿಲ್ಲ. "ಮೂವತ್ತು ವರ್ಷ ನಾ ಮಂದಿಗೆ ನಂಬರ್ ಹೇಳೀನಿ. ಈಗ ಈಕಿ ನನಗ ಹೇಳತಾಳ. ಯಾಕ, ಕನ್ನಡ ಬರಂಗಿಲ್ಲೇನು ಇದಕ್ಕ?" ಫರ್ಮ್‌ವೇರು ಬರೆದವರ ಚರ್ಚೆಯ ಪುಟದಲ್ಲಿ ನನ್ನ ಒಡಕಲು ಇಂಗ್ಲಿಷಿನಲ್ಲಿ ಕೇಳಿದೆ. ಮರುದಿನವೇ ಯಾರೋ ಪುಣ್ಯಾತ್ಮರು ಉತ್ತರಿಸಿದರು: ಬೇಕಾದ ಮಾತುಗಳನ್ನು ಒಂದೊಂದಾಗಿ ಧ್ವನಿಮುದ್ರಿಸಿ ಇಂತಿಂಥ ರೀತಿ ಜೋಡಿಸಿ; ಚುಟುಕಾಗಿರಲಿ, ಸೆಟ್ಟಿನಲ್ಲಿ ಜಾಗ ಕಡಿಮೆ.

ಹಾಗೆ ಕಮಲಕ್ಕ ತಮ್ಮ ಸೆಟ್ಟಿಗೆ ತಾವೇ ಕನ್ನಡ ಕಲಿಸಲು ಕೂತರು. ಬೀರುವಿನ ಬಾಗಿಲು ತೆರೆದು, ದನಿ ಮಾರ್ದನಿಸದಿರಲೆಂದು ಸೀರೆಗಳ ನಡುವೆ ಫೋನು ತೂಗುಹಾಕಿ ಧ್ವನಿಮುದ್ರಣ. ಒಂದೊಂದು ಮಾತಿಗೂ ಜಗಳ. ನಾನು "ಬ್ಯಾಟರಿ ಕಡಿಮೆಯಾಗಿದೆ" ಎಂದು ಬರೆದುಕೊಂಡು ಹೋಗಿದ್ದೆ. "ಇದು ಸರ್ಕಾರಿ ನೋಟಿಸೇನು?" ಎಂದು ತಳ್ಳಿಹಾಕಿ, "ಬ್ಯಾಟ್ರಿ ಮುಗಿಯಾಕ ಬಂದೈತ್ರಿ" ಎಂದರು. 'ರಿ' ತೆಗೆದರೆ ಜಾಗ ಉಳಿಯುತ್ತದೆ ಎಂದೆ. "ಮಷೀನ್ ಆದ್ರೇನಾತು, ಮಂದಿ ಕೂಡ ಮಾತಾಡಬೇಕಾದ್ರ ಮರ್ಯಾದಿ ಬೇಕಿಲ್ಲೇನು? ಬ್ಯಾರೆ ಏನರ ತಗಿ." ಬೇರೆ ಮಾತು ತೆಗೆದೆವು, 'ರಿ' ಉಳಿಯಿತು. ಮುಗಿದ ಮೇಲೆ ಅದನ್ನು ಎಲ್ಲರಿಗೂ ಸಿಗುವಂತೆ ಅದೇ ಪುಟದಲ್ಲಿ ಹಾಕಿದೆ. ಯಾರು ಬಳಸುತ್ತಾರೆ, ಕನ್ನಡ ಬಲ್ಲ, ಕಣ್ಣು ಕಾಣದ, ಲೈಸೆನ್ಸಿರುವ ಇನ್ನೊಬ್ಬರು ಎಲ್ಲಿದ್ದಾರೆ ಎಂದುಕೊಂಡೆ. ಆಮೇಲೆ ಮರೆತೆ.

ಈ ಬೆಳಗಿಗೆ ಬರುತ್ತೇನೆ. ಬೆಸುಗೆ ಆರಿತು, ನನ್ನ ಸೆಟ್ಟಿನ ಬೆನ್ನು ಮುಚ್ಚಿದೆ. ಭಾನುವಾರ, ಒಂಬತ್ತಕ್ಕೆ ವಾರದ ದೊಡ್ಡ ನೆಟ್ಟು. ಈಗೀಗ ಮನೆಯಲ್ಲೊಂದು ಪುಟ್ಟ ಪೆಟ್ಟಿಗೆಯಿಟ್ಟುಕೊಂಡು ಇಂಟರ್ನೆಟ್ಟಿನ ಮೂಲಕ ಬೇರೆ ಊರಿನವರೂ ಸೇರುತ್ತಾರೆ. ಕಮಲಕ್ಕ ಕರೆಯಲು ಶುರು ಮಾಡಿದರು. ನಡುವೆ, ಹೊಸಬರು ಯಾರಾದರೂ ಇದ್ದೀರಾ ಎಂದು ಕೇಳಿದರು. ಪರದೆಯ ಮೇಲೆ ನಾನು ನೋಡದ ಸಂಕೇತವೊಂದು ಮೂಡಿತು. ಮೂಡಿ ಆರಿತು. ಮತ್ತೆ ಮೂಡಿತು.

"ನಮಸ್ಕಾರ್ರಿ. ನಾನು ವಿಜಯಪುರದಿಂದ ಮಾತಾಡಾಕತ್ತೀನಿ. ಹೆಸರು ಸಾವಿತ್ರಿ. ಗಣಿತ ಕಲಸ್ತಿದ್ದೆ. ಎರಡು ವರ್ಷದಾಗ ಕಣ್ಣು ಪೂರ್ತಿ ಹೋದ್ವು. ಪರೀಕ್ಷಾ ಪಾಸಾಗಿ ಲೈಸೆನ್ಸ್ ಬಂದು ಎಂಟು ದಿನ ಆತು, ದಿನಾ ಕೇಳತಿದ್ದೆ, ಮಾತಾಡಾಕ ಧೈರ್ಯ ಆಗಿರಲಿಲ್ಲ." ದನಿ ನಿಂತು, ಮತ್ತೆ ಬಂತು. "ಒಂದು ಕೇಳಲೇನ್ರಿ? ನನ್ನ ಸೆಟ್ಟಿನಾಗ 'ಬ್ಯಾಟ್ರಿ ಮುಗಿಯಾಕ ಬಂದೈತ್ರಿ' ಅಂತ ಒಬ್ರು ಹೇಳತಾರ. ಅವರು ನೀವಽ ಅಲ್ರಿ?"

ನನ್ನ ಪರದೆಯ ಮೇಲೆ ಕಮಲಕ್ಕನ ಸಂಕೇತ ಬೆಳಗಿತು. ಗುಂಡಿ ಒತ್ತಿದ್ದರು. ಸಂಕೇತ ಹಾಗೇ ಉರಿಯುತ್ತಿತ್ತು. ನನ್ನ ಗಂಡ ಪೇಪರ್ ಮಡಿಸಿ ಬಂದು ಬಾಗಿಲಲ್ಲಿ ನಿಂತರು.

"ಹೌದ್ರಿ" ಎಂದರು ಕಮಲಕ್ಕ ಕೊನೆಗೆ. "ನಾನಽ. ಬರೋ ಭಾನುವಾರ ಹಾಜರಿ ನೀವು ಕರೀರಿ. ನಾವು ಓಗೊಡ್ತೀವಿ."

"ಅಯ್ಯೋ, ನಾನೇನ್ರಿ? ನನಗ ಬರಂಗಿಲ್ಲ."

"ನನಗೂ ಬರತಿರಲಿಲ್ಲ. ನಿಮ್ಮ ಕಾಲ್‌ಸೈನ್ ಇನ್ನೊಮ್ಮೆ ಸಾವಕಾಶ ಹೇಳ್ರಿ, ಬರಕೋತೀನಿ."

ಆಕೆ ಹೇಳಿದರು. ಕಮಲಕ್ಕ ಮುಂದಿನ ಹಾಜರಿಗೆ ಹೋದರು. ನನ್ನ ಸರದಿ ಬಂತು. ಗುಂಡಿ ಒತ್ತಿ, ಸಂಕೇತ ಹೇಳಿ, ಇದ್ದೇನೆ ಎಂದೆ. ನಾನು ಬೆರಳು ಬಿಟ್ಟದ್ದೇ ತಡ, ಸರದಿಯಲ್ಲದಿದ್ದರೂ, ನಿಯಮವೆಲ್ಲ ಮರೆತು, ವಿಜಯಪುರದ ಆ ದನಿ ನಡುವೆ ನುಗ್ಗಿ, "ನಮಸ್ಕಾರ್ರಿ ಅಕ್ಕಾರ, ಭಾಳ ಚಲೋ ಕೇಳಾಕತ್ತೈತಿ!" ಎಂದಿತು.

ಎಲ್ಲರೂ ಗದರಿಕೆಗೆ ಕಾದೆವು. ಕಮಲಕ್ಕ ಗದರಿಸಲಿಲ್ಲ.